ಗಾಳಿ ಅಳೆಯುವ ದಿನ ಊರು ತೊಳೆದವರು

ನೆಂಟರು ಬರುವ ದಿನ ಮಾತ್ರ ಅಂಗಳಕ್ಕೆ ನೀರು ಹಾಕಿ, ಮಿಕ್ಕ ದಿನಗಳಲ್ಲಿ ಕಸವನ್ನು ಪಕ್ಕದವರ ಗೋಡೆಗೆ ಒತ್ತರಿಸಿ ಬೆಂಕಿ ಇಡುವ ನೀವು, ಆ ಹೊಗೆ ಯಾರ ಎದೆಯೊಳಗೆ ಇಳಿಯಿತೆಂದು ಒಮ್ಮೆಯಾದರೂ ವಿಚಾರಿಸಿದ್ದೀರಾ? ವಿಚಾರಿಸಿಲ್ಲ. ವಿಚಾರಿಸಿದ್ದರೆ ತೋಪಿನಪೇಟೆಯ ಆವಲಪ್ಪನಿಗೆ ಈ ಬೇಸಿಗೆಯಲ್ಲಿ ಅಂಥ ಗೊಂದಲ ಬಂದೊದಗುತ್ತಿರಲಿಲ್ಲ. ಈ ಕಥೆಯನ್ನು ಹೇಳುವ ಅಗತ್ಯವೂ ಬೀಳುತ್ತಿರಲಿಲ್ಲ.

ದೊಡ್ಡಬೆಳವಂಗಲ ದಾಟಿ ನೆಲಮಂಗಲದ ಕಡೆಗೆ ಬರುವ ದಾರಿಯಲ್ಲಿ ತೋಪಿನಪೇಟೆ ಇದೆ. ಹಳ್ಳಿ ಎಂದರೆ ಅಲ್ಲಿನವರಿಗೆ ಸಿಟ್ಟು ಬರುತ್ತದೆ, ಪಟ್ಟಣ ಎಂದರೆ ಹೊರಗಿನವರಿಗೆ ನಗು ಬರುತ್ತದೆ. ಆದರೂ ಊರಿಗೊಂದು ಪುರಸಭೆ ಉಂಟು, ಪುರಸಭೆಗೊಬ್ಬ ಆರೋಗ್ಯ ನಿರೀಕ್ಷಕ ಉಂಟು. ಅವನೇ ಆವಲಪ್ಪ. ನಿವೃತ್ತಿಯ ಅಂಚಿಗೆ ಬಂದಿದ್ದ ಈತ ಒಂದು ವಿದ್ಯೆಯಲ್ಲಿ ಮಾತ್ರ ಸುತ್ತಮುತ್ತಲಿನ ಯಾರಿಗೂ ಸೋತವನಲ್ಲ. ಮೇಲಿನಿಂದ ಯಾರಾದರೂ ಬರುತ್ತಾರೆಂದು ಫೋನು ಬಂದರೆ ಸಾಕು, ಅವರ ಕಾರು ಟೋಲ್ ದಾಟುವಷ್ಟರಲ್ಲಿ ಅವರು ಕಾಲಿಡುವ ಬೀದಿ ಮದುವೆಮನೆಯ ಪಡಸಾಲೆಯಂತಾಗುತ್ತಿತ್ತು. ಗುಡಿಸುವವರು ಮುಂದೆ, ನೀರಿನ ಟ್ಯಾಂಕರು ಹಿಂದೆ, ಅದರ ಹಿಂದೆ ರಸ್ತೆಯ ಎರಡೂ ಅಂಚಿಗೆ ಬ್ಲೀಚಿಂಗ್ ಪುಡಿಯ ಬಿಳಿ ಗೆರೆ ಎಳೆಯುವವರು. ಬಂದವರು ಹೊಗಳಿ ಹೋಗುತ್ತಿದ್ದರು. ಮರುದಿನ ಬೀದಿ ತನ್ನ ಹಳೆಯ ಕೊಳೆಗೆ ಮರಳುತ್ತಿತ್ತು. ಇದರಲ್ಲಿ ತಪ್ಪೇನಾದರೂ ಇದೆಯೆಂದು ಆವಲಪ್ಪನಿಗೆ ಎಂದೂ ತೋರಿರಲಿಲ್ಲ. ಬಂದವರ ಮುಂದೆ ಊರಿನ ಮಾನ ಉಳಿಸುವುದು ಕರ್ತವ್ಯವೆಂದೇ ಅವನ ಹಿಂದಿನವರು ಅವನಿಗೆ ಕಲಿಸಿ ಹೋಗಿದ್ದರು.

ಊರಿನ ಕಸವೆಲ್ಲ ಬೀಳುತ್ತಿದ್ದದ್ದು ಸರ್ಕಾರಿ ಪ್ರಾಥಮಿಕ ಶಾಲೆಯ ಹಿಂದಿನ ಬಯಲಿಗೆ. ಗುಡ್ಡೆ ಶಾಲೆಯ ಕಾಂಪೌಂಡನ್ನು ಮೀರಿ ಬೆಳೆದಾಗ ಪುರಸಭೆಯ ಆಳುಗಳೇ ಅದಕ್ಕೆ ಬೆಂಕಿ ಇಡುತ್ತಿದ್ದರು. ಸುಟ್ಟರೆ ತಗ್ಗುತ್ತದೆ, ತಗ್ಗಿದರೆ ಮತ್ತೆ ಸುರಿಯಲು ಜಾಗವಾಗುತ್ತದೆ. ಬಿಸಿಯೂಟದ ಅಡುಗೆಮನೆಯ ಕಿಟಕಿ ಅದೇ ಬಯಲಿಗೆ ತೆರೆದುಕೊಂಡಿತ್ತು. ಅಲ್ಲಿ ಸಾಂಬಾರು ತಿರುವುತ್ತಿದ್ದವಳು ಆವಲಪ್ಪನ ಹೆಂಡತಿ ರುಕ್ಮಿಣಮ್ಮ. ಆಕೆಯ ಕೆಮ್ಮು ಒಲೆಯ ಹೊಗೆಯದಲ್ಲ. ಅಡುಗೆಮನೆಗೆ ಗ್ಯಾಸ್ ಬಂದು ಬಹಳ ಕಾಲವಾಗಿತ್ತು. ಮಕ್ಕಳು ಪ್ರಾರ್ಥನೆ ಹಾಡುವಾಗ ಸಾಲಿನ ಕೊನೆಗೊಂದು ಕೆಮ್ಮು ಸೇರಿಕೊಳ್ಳುತ್ತಿತ್ತು. ಅನುಕೂಲವಿದ್ದವರು ಮಕ್ಕಳನ್ನು ವ್ಯಾನು ಹತ್ತಿಸಿ ದೂರದ ಶಾಲೆಗಳಿಗೆ ಕಳುಹಿಸತೊಡಗಿದ್ದರು. ಅನುಕೂಲವಿಲ್ಲದವರ ಮಕ್ಕಳು ಅಲ್ಲಿಯೇ ಉಳಿದು ಅದೇ ಗಾಳಿಯಲ್ಲಿ ಮಗ್ಗಿ ಕಲಿಯುತ್ತಿದ್ದರು. ಆ ಗುಡ್ಡೆ ಅಲ್ಲಿಂದ ತೊಲಗಬೇಕು. ರುಕ್ಮಿಣಮ್ಮನಿಗೆ ಬೇಕಾದದ್ದು ಅಷ್ಟೇ, ಆವಲಪ್ಪನಿಗೂ ಅಷ್ಟೇ.

ಅದಕ್ಕೊಂದು ದಾರಿ ಕಾಣಿಸಿತ್ತು. ಗಾಳಿ ಕೆಟ್ಟ ಊರುಗಳಿಗೆ ಅದನ್ನು ಸರಿಪಡಿಸಿಕೊಳ್ಳಲು ಅನುದಾನ ಕೊಡುವ ಯೋಜನೆಯೊಂದು ಬಂದಿದೆಯೆಂದು ಪತ್ತೆ ಮಾಡಿದವನು ಶಾಲೆಯಿರುವ ವಾರ್ಡಿನ ಪುರಸಭಾ ಸದಸ್ಯ ಅಂಬರೀಶ್. ಮಾತು ಜೋರು, ವಯಸ್ಸು ಚಿಕ್ಕದು, ಆದರೆ ಕೆಲಸಕ್ಕೆ ಹೇಸುವವನಲ್ಲ. ಬೆಂಗಳೂರಿನ ಕಚೇರಿಗಳ ಮೆಟ್ಟಿಲು ತುಳಿತುಳಿದು ಅವನು ಊರಿಗೊಂದು ಕ್ರಿಯಾ ಯೋಜನೆ ಮಾಡಿಸಿದ್ದ. ಗುಡ್ಡೆಯನ್ನು ಜರಡಿ ಹಿಡಿದು ಬೇರ್ಪಡಿಸಿ ಸಾಗಿಸಬೇಕು, ಊರಾಚೆ ಹೊಸ ಘಟಕ ಕಟ್ಟಬೇಕು, ಧೂಳೇಳುವ ಶಾಲೆಯ ರಸ್ತೆಗೆ ಡಾಂಬರು ಹಾಕಬೇಕು. ಉಳಿದದ್ದು ಒಂದೇ ಹೆಜ್ಜೆ: ಗಾಳಿ ಅಳೆಯುವ ಯಂತ್ರವಿರುವ ಗಾಡಿಯೊಂದು ಬಂದು ಶಾಲೆಯ ಮುಂದೆ ಕೆಲವು ದಿನ ನಿಂತು, ಇಲ್ಲಿನ ಗಾಳಿ ಎಷ್ಟು ಕೆಟ್ಟಿದೆಯೆಂದು ಹೇಳಬೇಕು.

ಗಾಡಿ ನಾಳೆ ಬರುತ್ತದೆ ಎಂದು ಫೋನು ಬಂತು. ಯಾರೂ ಆಜ್ಞೆ ಮಾಡಲಿಲ್ಲ, ಯಾರೂ ಕೇಳಲಿಲ್ಲ. ಆವಲಪ್ಪ ತನಗೆ ತಿಳಿದದ್ದನ್ನು ಮಾಡಿದ. ಗುಡ್ಡೆಯ ಬೆಂಕಿಗೆ ಮಣ್ಣು ಹೊಡೆಸಿ ನಂದಿಸಿದ. ಬೆಳಕು ಹರಿಯುವ ಮೊದಲೇ ಗುಡಿಸುವವರನ್ನು ಸಾಲಾಗಿ ನಿಲ್ಲಿಸಿದ. ಟ್ಯಾಂಕರಿನ ಡ್ರೈವರ್ ಅಬ್ದುಲ್ ಖಾದರನನ್ನು ಎಬ್ಬಿಸಿ ಕರೆತಂದ. ಖಾದರ್ ಅವನ ಓರಗೆಯವನು, ಎಷ್ಟೋ ಮಂತ್ರಿಗಳ ದಾರಿಗೆ ಅವನ ಜೊತೆ ನೀರು ಚಿಮುಕಿಸಿದವನು.

"ಏನಪ್ಪಾ ಇನ್‌ಸ್ಪೆಕ್ಟ್ರೇ, ಈ ಸಲ ಯಾರು ಬರ್ತಾವ್ರೆ? ಮಂತ್ರಿನಾ, ಡಿ.ಸಿ. ಸಾಹೇಬ್ರಾ?"

"ಮಿಷನ್ನು ಬರ್ತೈತೆ ಕಣಯ್ಯ. ಗಾಳಿ ಅಳೆಯೋ ಮಿಷನ್ನು."

"ಯಾ ಅಲ್ಲಾ! ಮಿಷನ್ನಿಗೂ ರೋಡ್ ತೊಳೀಬೇಕಾ? ಅದೇನು ಸೀರೆ ನೆರಿಗೆ ಎತ್ಕಂಡು ನಡೀತದಾ?"

"ಮೇಲಿಂದ ಬರೋದು ಯಾವ್ದಾದ್ರೂ ಮೇಲಿಂದೇ. ನೀನ್ ಸುಮ್ಕೆ ವಾಲ್ವ್ ಬಿಡು."

ಗಾಡಿಯ ಜೊತೆ ಬಂದವಳು ಪ್ರಮೋದಾ ಎಂಬ ಚಿಕ್ಕ ವಯಸ್ಸಿನ ಅಧಿಕಾರಿ. ಆಕೆ ಕೇಳಿದ್ದು ಕರೆಂಟಿನ ಒಂದು ಸಂಪರ್ಕ ಮಾತ್ರ. ಆವಲಪ್ಪ ಕೊಟ್ಟದ್ದು ಎಳನೀರು, ಹಾರ ಮತ್ತು ಒದ್ದೆ ನೆಲದ ಪರಿಮಳ. ಅಂಬರೀಶ್ ಆಗ ಬೆಂಗಳೂರಿನ ಕಚೇರಿಗಳಲ್ಲಿದ್ದ. ಗಾಡಿ ನಿಂತಿದ್ದಷ್ಟು ದಿನವೂ ಆವಲಪ್ಪ ಬೀದಿಗೆ ಧೂಳು ಸೋಕಗೊಡಲಿಲ್ಲ, ಗುಡ್ಡೆಯಲ್ಲಿ ಹೊಗೆಯ ಎಳೆ ಏಳಗೊಡಲಿಲ್ಲ. ರುಕ್ಮಿಣಮ್ಮ ಕಿಟಕಿಯ ಎರಡೂ ಬಾಗಿಲು ತೆರೆದು ಅಡುಗೆ ಮಾಡಿದಳು. "ದಿನಾ ಯಾರಾದ್ರೂ ಬರ್ತಾ ಇದ್ರೆ ಎಷ್ಟು ಚೆಂದಾಗಿರ್ತಿತ್ತು ಕಣ್ರೀ" ಎಂದಳು. ಆವಲಪ್ಪ ಹೆಮ್ಮೆಯಿಂದ ಬೀಗಿದ.

ಫಲಿತಾಂಶ ಬಂದ ದಿನ ಪುರಸಭೆಯ ಮುಖ್ಯಾಧಿಕಾರಿ ಅವನನ್ನು ತಮ್ಮ ಕೊಠಡಿಗೆ ಕರೆಸಿದರು. ಅಂಬರೀಶ್ ಅಲ್ಲಿಯೇ ಕುಳಿತಿದ್ದ. ಶಾಲು ಹೊದಿಸುತ್ತಾರೇನೋ ಎಂಬ ಎಣಿಕೆಯಲ್ಲಿ ಆವಲಪ್ಪ ಅಂಗಿಯ ಮೇಲಿನ ಗುಂಡಿ ಹಾಕಿಕೊಂಡೇ ಒಳಗೆ ಹೋದ.

"ಬನ್ನಿ ಗುರುಗಳೇ, ಬನ್ನಿ. ನಮ್ಮೂರ ಗಾಳಿ ಸಮಾಧಾನಕರ ಅಂತೆ!" ಎಂದ ಅಂಬರೀಶ್. "ಶಿವಗಂಗೆ ಬೆಟ್ಟದ ಮೇಲೆ ನಿಂತ್ಕಂಡ್ ಉಸಿರಾಡ್ದಂಗೈತಂತೆ. ಗ್ರ್ಯಾಂಟಿನ ಪಟ್ಟಿಯಿಂದ ನಮ್ಮೂರನ್ನ ತೆಗೆದ್ಬಿಟ್ರು."

"ಒಳ್ಳೇದಲ್ವಾ ಅದು?"

"ಒಳ್ಳೇದಾ? ಏನ್ ಆವಲಪ್ಪನೋರೇ, ತಮಾಷೆ ಮಾಡ್ತೀರಾ? ಗಾಳಿ ಕೆಟ್ಟಿದ್ರೆ ತಾನೇ ಗ್ರ್ಯಾಂಟು? ನೀವು ತೊಳ್ದಿದ್ದು ರೋಡನ್ನಲ್ಲ, ನಮ್ ಪ್ಲಾನನ್ನ!"

ಆವಲಪ್ಪ ಮುಖ್ಯಾಧಿಕಾರಿಗಳ ಮುಖ ನೋಡಿದ. ಅವರು ಕನ್ನಡಕ ತೆಗೆದು ಒರೆಸುತ್ತ, ಪಾಠ ಒಪ್ಪಿಸುವವರಂತೆ ವಿವರಿಸಿದರು. ಮೊದಲ ಕಂತು ಸಿಗಬೇಕಾದರೆ ಗಾಳಿ ಕೆಟ್ಟಿರಬೇಕು. ಮುಂದಿನ ಕಂತುಗಳು ಸಿಗಬೇಕಾದರೆ ಅದು ಸುಧಾರಿಸಿರಬೇಕು.

"ಅಂದ್ರೆ ಸಾರ್, ಈಗ ನಾವು ಕೊಳಕಾಗಿರ್ಬೇಕು, ಆಮೇಲೆ ಚೊಕ್ಕಾಗ್ಬೇಕು?"

"ಹಾಗೆ ಬಾಯಿ ಬಿಟ್ಟು ಹೇಳೋದಲ್ಲ ಅದು."

"ಎಷ್ಟು ಕೊಳಕಾಗಿರ್ಬೇಕು ಸಾರ್?"

ಬಹಳ ಓಡಾಡಿ ಮರು ಅಳತೆಗೆ ಅನುಮತಿ ಪಡೆದಿದ್ದೇವೆ, ಸೋಮವಾರ ಗಾಡಿ ಮತ್ತೆ ಬರುತ್ತದೆ ಎಂದಷ್ಟೇ ಮುಖ್ಯಾಧಿಕಾರಿಗಳು ಹೇಳಿದರು. ಹೊರಗೆ ಬಂದ ಮೇಲೆ ಅಂಬರೀಶ್ ಅವನ ಹೆಗಲ ಮೇಲೆ ಕೈಯಿಟ್ಟು ದನಿ ತಗ್ಗಿಸಿದ. "ನೋಡಿ, ಬೇಜಾರ್ ಮಾಡ್ಕಬೇಡಿ. ಸೋಮವಾರ ಟ್ಯಾಂಕರ್ ಶೆಡ್‌ನಲ್ಲೇ ಇರ್ಲಿ. ಗುಡ್ಡೆಗೆ ಬೆಳಿಗ್ಗೇನೇ ಬೆಂಕಿ ಬೀಳ್ಲಿ, ಚೆನ್ನಾಗಿ ಬೀಳ್ಲಿ. ಒಂದೆರಡು ದಿನ ಹೊಗೆ ಕುಡುದ್ರೆ ಮಕ್ಕಳಿಗೆ ಜೀವಮಾನ ಪೂರ್ತಿ ಒಳ್ಳೆ ಗಾಳಿ. ನಾನೇನು ನನ್ ಮನೆಗಾ ಕೇಳ್ತಾ ಇರೋದು?"

ಅವನು ಮನೆಗಾಗಿ ಕೇಳುತ್ತಿರಲಿಲ್ಲ ಎಂಬುದು ನಿಜ. ಆವಲಪ್ಪನ ತಲೆ ಕೆಡಿಸಿದ್ದೂ ಅದೇ. ಕಳ್ಳನೊಬ್ಬ ಕಳ್ಳಮಾತು ಆಡಿದ್ದರೆ ಬಯ್ದು ಕಳಿಸಬಹುದಿತ್ತು. ಒಳ್ಳೆಯ ಕೆಲಸಕ್ಕೆ ಕೆಟ್ಟ ದಾರಿ ತೋರಿಸುವವನಿಗೆ ಏನು ಹೇಳಬೇಕು? ಧರ್ಮವನ್ನು ಕೆಡಿಸುವವರು ಅಧರ್ಮಿಗಳಷ್ಟೇ ಅಲ್ಲ, ಅವಸರದ ಸಜ್ಜನರೂ ಹೌದು ಎಂಬ ಮಾತು ಪಾಠಪುಸ್ತಕಗಳಲ್ಲಿ ಇರಬೇಕಾಗಿತ್ತು; ಇಲ್ಲ.

ಸಂಜೆ ಮುದ್ದೆಯ ತಟ್ಟೆಯ ಮುಂದೆ ಕುಳಿತು ಅವನು ಹೆಂಡತಿಗೆ ಎಲ್ಲವನ್ನೂ ಹೇಳಿದ. ಹೊಗೆ ಇದ್ದರೆ ಹಣ ಬರುತ್ತದೆ, ಹಣ ಬಂದರೆ ಹೊಗೆ ಹೋಗುತ್ತದೆ. ಹೊಗೆ ಹೋದರೆ ಹಣ ಬರುವುದಿಲ್ಲ, ಹಣ ಬಾರದಿದ್ದರೆ ಗುಡ್ಡೆ ಹೋಗುವುದಿಲ್ಲ. ಹೇಳಿ ಮುಗಿಸುವಷ್ಟರಲ್ಲಿ ಎಲ್ಲಿಂದ ಶುರುಮಾಡಿದ್ದೆನೆಂದು ಅವನಿಗೇ ಮರೆತುಹೋಗಿತ್ತು.

ರುಕ್ಮಿಣಮ್ಮ ಸಾರು ಬಡಿಸುತ್ತಿದ್ದ ಸೌಟನ್ನು ಹಿಡಿದೇ ಕೇಳಿದಳು. "ಗುಡ್ಡೆಗೆ ಬೆಂಕಿ ಹಚ್ಚೋರು ಯಾರು?"

"ನಮ್ಮೋರೇ."

"ಹಚ್ಚದೇ ಇರಕ್ಕೆ ಯಾವ ಗ್ರ್ಯಾಂಟು ಬೇಕು?"

ಉತ್ತರ ತೋಚದ ಗಂಡಂದಿರು ಎಲ್ಲ ಕಾಲಕ್ಕೂ ಮಾಡುವುದನ್ನೇ ಆವಲಪ್ಪನೂ ಮಾಡಿದ. "ಮತ್ತೆ ನೀನು? ಸ್ಕೂಲ್ ಅಂಗ್ಳದ ಹೊಂಗೆ ಎಲೆ ಗುಡ್ಡೆ ಹಾಕಿ ದಿನಾ ಸುಡಲ್ವಾ?"

"ಅದು ಎಲೆ ಕಣ್ರೀ. ಕಸ ಅಲ್ಲ."

"ಅದರಾಗೆ ಹೊಗೆ ಬರಲ್ವಾ?"

"ಬರ್ತೈತೆ. ಬಂದ್ರೆ ಸೊಳ್ಳೆ ಹೋಯ್ತವೆ." ಹೇಳುತ್ತಿದ್ದಂತೆ ಆಕೆಯ ಮುಖದಲ್ಲೂ ಒಂದು ಅನುಮಾನ ಇಣುಕಿತು. ತನ್ನ ಹೊಗೆ ಹೊಗೆಯಲ್ಲ ಎಂದು ನಂಬದವರು ಆ ಊರಿನಲ್ಲಿ ಯಾರಿದ್ದರು? ಸುಡಲು ಹಾಸಿಗೆ ಅಂಗಡಿಯವರಿಗೆ ಹಳೆಯ ಹತ್ತಿ, ಗ್ಯಾರೇಜಿನವರಿಗೆ ಎಣ್ಣೆಬಟ್ಟೆ, ಆಕೆಗೆ ಎಲೆ.

ಸೋಮವಾರ ಆವಲಪ್ಪ ನೀರು ಹಾಕಿಸಲೂ ಇಲ್ಲ, ಬೆಂಕಿ ಹಚ್ಚಿಸಲೂ ಇಲ್ಲ. ಏನನ್ನೂ ಮಾಡದಿರುವುದೇ ಸರಿಯಾದೀತೆಂದು ಬಗೆದಿದ್ದ. ಆದರೆ ಊರು ಅವನಷ್ಟು ಸುಮ್ಮನಿರಲಿಲ್ಲ. ಗಾಡಿ ಬರುತ್ತದೆಂಬ ಸುದ್ದಿ ಮೂಲೆಮೂಲೆಗೆ ಮುಟ್ಟಿತ್ತು. ಶಾಲೆಯ ಬೀದಿಯ ಹೆಂಗಸರು ತಾವಾಗಿಯೇ ಎದ್ದು ಬಾಗಿಲಿನಿಂದ ರಸ್ತೆಯ ನಡುವಿನವರೆಗೂ ನೀರು ಚೆಲ್ಲಿ, ಗಾಡಿ ನಿಲ್ಲುವ ಜಾಗದಲ್ಲಿ ದೊಡ್ಡ ರಂಗೋಲಿ ಬಿಟ್ಟಿದ್ದರು. "ಯಾರಮ್ಮ ನಿಮಗೆ ಹೇಳಿದ್ದು?" ಎಂದು ಅವನು ಗದರಿದ. "ಹೇಳ್ಬೇಕಾ? ಹೋದ್ಸಲ ನೀನೇ ಕಲಿಸ್ದೆಯಲ್ಲಪ್ಪಾ!" ಎಂದಳು ಮುನಿರತ್ನಮ್ಮ ಎಂಬ ಮುದುಕಿ, ರಂಗೋಲಿಯ ಕೊನೆಯ ಚುಕ್ಕೆ ಇಡುತ್ತ. ಇತ್ತ ಶಾಲೆಯ ಬೆನ್ನಿಗೆ ಅಂಬರೀಶನ ಹುಡುಗರು ಗುಡ್ಡೆಯ ಮೇಲೆ ಹಳೆಯ ಟೈರುಗಳನ್ನು ಒಟ್ಟಿ ಬೆಂಕಿ ಕೊಟ್ಟಿದ್ದರು. ಮುಂದೆ ಮಂಗಳಕಾರ್ಯ, ಹಿಂದೆ ಮಸಣ. ನಡುವೆ ಅಳತೆಗಾಡಿ ಬಂದು ನಿಂತಿತು.

ಪ್ರಾರ್ಥನೆಯ ಗಂಟೆ ಬಾರಿಸುವ ಹೊತ್ತಿಗೆ ಗಾಳಿ ತಿರುಗಿತು. ಟೈರಿನ ಕಪ್ಪು ಹೊಗೆ ಕಾಂಪೌಂಡು ದಾಟಿ ಸಾಲಾಗಿ ನಿಂತಿದ್ದ ಮಕ್ಕಳ ಮೇಲೆ ಕವುಚಿಕೊಂಡಿತು. ಹಾಡು ನಿಂತಿತು, ಕೆಮ್ಮು ಮಾತ್ರ ಕೇಳಿಸಿತು. ಮೇಷ್ಟರು ಮಕ್ಕಳನ್ನು ಒಳಗೆ ನೂಕಿ ಬಾಗಿಲು ಹಾಕಿದರೆ ಹೊಗೆ ಹೆಂಚಿನ ಸಂದಿಯಿಂದ ಇಳಿಯಿತು. ರುಕ್ಮಿಣಮ್ಮ ಅಕ್ಕಿ ತೊಳೆದ ನೀರಿನ ಪಾತ್ರೆಯನ್ನು ಎತ್ತಿಕೊಂಡು ಹಿಂದಿನ ಬಾಗಿಲಿನಿಂದ ಓಡಿ ಬೆಂಕಿಗೆ ಎರಚಿದಳು. ಟೈರಿನ ಬೆಂಕಿ ಅದಕ್ಕೆ ಬಗ್ಗುತ್ತದೆಯೇ? ಚುಂಯ್ ಎಂದು ಸದ್ದು ಮಾಡಿ ಇನ್ನಷ್ಟು ಕಪ್ಪಾಯಿತು. ಆಕೆ ಅಲ್ಲಿಯೇ ಕುಸಿದು ಕುಳಿತು, ಎದೆ ಹಿಡಿದು ಕೆಮ್ಮತೊಡಗಿದಳು.

ಯಾರು ಹೇಳಿದರೋ, ಖಾದರ್ ಟ್ಯಾಂಕರು ತಂದು ನಿಲ್ಲಿಸಿದ್ದ. ಮುಂದಿನ ಬೀದಿಯಿಂದ ಓಡಿಬಂದ ಆವಲಪ್ಪನ ಕೈಯಲ್ಲಿ ಪೈಪಿತ್ತು.

"ಬಿಡ್ಲಾ ಬೇಡ್ವಾ? ಹೇಳಪ್ಪಾ ಬೇಗ!" ಎಂದು ಖಾದರ್ ಕೂಗಿದ.

"ಆವಲಪ್ಪನೋರೇ, ಇವತ್ತೊಂದಿನ! ಇವತ್ತು ಆರಿಸಿದ್ರೆ ಈ ಗುಡ್ಡೆ ಇಲ್ಲೇ ಇರ್ತದೆ, ನೆನಪಿಟ್ಕಳಿ!" ಎಂದು ಆ ಕಡೆಯಿಂದ ಅಂಬರೀಶ್ ಕೂಗಿದ. ಅವನ ಕಣ್ಣಲ್ಲೂ ನೀರಿತ್ತು. ಹೊಗೆಯದೋ ಮತ್ತೊಂದರದೋ ಹೇಳುವಂತಿರಲಿಲ್ಲ.

ಇಬ್ಬರ ಮಾತೂ ಸರಿಯಾಗಿಯೇ ಕೇಳಿಸಿತು. ಆರಿಸಿದರೆ ಗುಡ್ಡೆ ಉಳಿಯುತ್ತದೆ, ಆರಿಸದಿದ್ದರೆ ಇವಳು ಉಳಿಯುವುದು ಹೇಗೆ? ಹೋದ ಸಲ ನೀರು ಬಿಟ್ಟದ್ದು ತಪ್ಪಾಗಿತ್ತು. ಈಗ ಬಿಟ್ಟರೂ ತಪ್ಪೇ? ಒಂದೇ ನೀರು, ಒಂದೇ ಟ್ಯಾಂಕರು, ಒಂದೇ ಕೈ. ಯಾವಾಗ ಸರಿ, ಯಾವಾಗ ತಪ್ಪು ಎಂದು ಯಾರನ್ನು ಕೇಳಬೇಕು? ಅವನಿಗೆ ಏನೂ ಸ್ಪಷ್ಟವಾಗಲಿಲ್ಲ. ಹೆಂಡತಿಯ ಬಾಗಿದ ಬೆನ್ನು ಮಾತ್ರ ಕಂಡಿತು.

"ಬಿಡು" ಎಂದ.

ಬೆಂಕಿ ಆರಿದ ಮೇಲೆ ಪ್ರಮೋದಾ ಗಾಡಿಯಿಂದಿಳಿದು ಹಿಂದಕ್ಕೆ ನಡೆದು ಬಂದಳು. ಕಾಲಿಗೆ ರಂಗೋಲಿಯ ಪುಡಿ ಅಂಟಿತ್ತು, ಮೂಗಿಗೆ ಕರವಸ್ತ್ರವಿತ್ತು. ಸುಟ್ಟ ಟೈರುಗಳನ್ನು ನೋಡಿದಳು, ಗೋಡೆಗೊರಗಿ ಕುಳಿತಿದ್ದ ರುಕ್ಮಿಣಮ್ಮನನ್ನು ನೋಡಿದಳು.

"ಹೋದ ಸಲದ ಅಳತೆಯೂ ನಿಮ್ಮ ಊರಿನದಲ್ಲ, ಈ ಸಲದ್ದೂ ಅಲ್ಲ. ಅದನ್ನ ರದ್ದು ಮಾಡಿಸ್ತೀನಿ, ಇದನ್ನ ಕಳಿಸೋ ಹಾಗಿಲ್ಲ" ಎಂದಳು.

ಆವಲಪ್ಪ ಕೈ ಮುಗಿದ. "ನೀವೇ ಹೇಳ್ಬಿಡಿ ಮೇಡಂ. ನಾವು ಚೊಕ್ಕಾಗಿರ್ಬೇಕಾ, ಕೊಳಕಾಗಿರ್ಬೇಕಾ? ಯಾವ್ದು ಹೇಳಿದ್ರೂ ಮಾಡ್ತೀನಿ."

"ದಿನಾ ಹೇಗಿರ್ತೀರೋ ಹಾಗಿರಿ."

"ದಿನಾ ಹೆಂಗಿರ್ತೀವಿ ಅಂತ ನೋಡಿದೋರು ಯಾರು ಮೇಡಂ? ನೋಡಕ್ಕೆ ಬರೋರು ಹೇಳಿ ಬರ್ತೀರಿ. ಹೇಳಿ ಬಂದ್ರೆ ನನ್ ಕೈ ಸುಮ್ನಿರಲ್ಲ." ಮತ್ತೆ ಹೇಳಿದ: "ಮುಂದಿನ ಸಲ ಬಂದ್ರೆ ಹೇಳ್ಬೇಡಿ. ನನಗಂತೂ ಹೇಳ್ಲೇಬೇಡಿ."

ಆಯುಷ್ಯವೆಲ್ಲ ಮೇಲಿನವರ ಬರುವಿಕೆಯನ್ನು ಮುಂಚಿತವಾಗಿ ತಿಳಿದು ಬಾಳಿದವನ ಬಾಯಲ್ಲಿ ಆ ಮಾತು ಬಂದಾಗ ಖಾದರ್ ಕೂಡ ಗೇಲಿ ಮಾಡಲಿಲ್ಲ.

ಪ್ರಮೋದಾ ಮೇಲಿನವರೊಡನೆ ವಾದಿಸಿ ಒಂದು ಏರ್ಪಾಡು ಮಾಡಿದಳು. ಶಾಲೆಯ ಅಡುಗೆಮನೆಯ ಮೇಲೆ ಸಣ್ಣ ಯಂತ್ರವೊಂದನ್ನು ಕೂರಿಸಲಾಯಿತು. ಮಳೆಗಾಲ ಕಳೆಯುವವರೆಗೂ ಅದು ಅಲ್ಲಿಯೇ ಇರುತ್ತದೆ. ಯಾವ ದಿನಗಳ ಅಳತೆ ಲೆಕ್ಕಕ್ಕೆ ಬರುತ್ತದೆಂದು ಆಕೆಗೂ ತಿಳಿದಿಲ್ಲ. ಅಂದಿನಿಂದ ಆವಲಪ್ಪ ಗುಡ್ಡೆಗೆ ಬೆಂಕಿ ಇಡಿಸುವುದನ್ನು ನಿಲ್ಲಿಸಿದ್ದಾನೆ. ರುಕ್ಮಿಣಮ್ಮ ಹೊಂಗೆ ಎಲೆಯನ್ನು ಗುಂಡಿ ತೆಗೆದು ಮುಚ್ಚಿಸುತ್ತಾಳೆ, ಸೊಳ್ಳೆಗೆ ಬಯ್ಯುತ್ತಾಳೆ. ಆಕೆಯ ಕೆಮ್ಮು ಕಡಿಮೆಯಾಗಿದೆ, ಹೋಗಿಲ್ಲ.

ಒಂದು ದಿನ ಅಂಬರೀಶ್ ಬಂದು ಶಾಲೆಯ ಜಗಲಿಯ ಮೇಲೆ ಕುಳಿತ. "ಬೆಂಕಿ ನಿಲ್ಸಿದ್ದೀರ. ನಂಬರ್ ಇಳೀತದೆ. ಗ್ರ್ಯಾಂಟು ಕೈ ಬಿಡ್ತದೆ, ಗೊತ್ತಾ?"

"ಇಳೀಲಿ ಅಂತ್ಲೇ ಅಲ್ವೇನಪ್ಪಾ ಗ್ರ್ಯಾಂಟು ಕೇಳಿದ್ದು?"

ಅಂಬರೀಶ್ ಬಯಲಿನ ಕಡೆ ಕೈ ತೋರಿಸಿದ. "ಮತ್ತೆ ಗುಡ್ಡೆ?"

"ಅದೇ ನನಗೂ ತಿಳೀತಿಲ್ಲ."

ಇಬ್ಬರೂ ಗುಡ್ಡೆಯನ್ನು ನೋಡುತ್ತ ಕುಳಿತರು. ಸುಡದ ಕಾರಣ ಅದು ಬೆಳೆಯುತ್ತಿದೆ. ಬಿಸಿಲೇರಿದಾಗ ಒಳಗಿನಿಂದ ತಾನಾಗಿ ಹೊಗೆಯಾಡುತ್ತದೆ. ಹೊಗೆ ಕಂಡ ದಿನ ಆವಲಪ್ಪನಿಗೆ ಮಕ್ಕಳ ನೆನಪಾಗಿ ಸಂಕಟವಾಗುತ್ತದೆ. ಯಂತ್ರ ಇದನ್ನು ನೋಡಿತಲ್ಲ ಎಂದು ಒಳಗೊಳಗೇ ಸಮಾಧಾನವೂ ಆಗುತ್ತದೆ. ಆ ಸಮಾಧಾನಕ್ಕೆ ನಾಚಿ ಮಣ್ಣು ಹೊಡೆಸಲು ಓಡುತ್ತಾನೆ. ಹೊಗೆ ಕಾಣದ ದಿನ ಇದೆಲ್ಲವೂ ತಿರುವುಮುರುವಾಗಿ ನಡೆಯುತ್ತದೆ. ನೆಟ್ಟಗೆ ನಡೆಯಲು ಹೊರಟ ಮನುಷ್ಯನನ್ನು ಹೀಗೆ ಸುತ್ತಿ ಸುತ್ತಿ ನಿಲ್ಲಿಸುವ ನಿಯಮವನ್ನು ಬರೆದವರು ಯಾರೋ, ಅದನ್ನು ಪ್ರಶ್ನಿಸದೆ ಒಪ್ಪಿದವರಂತೂ ನಾವೇ.

ಆದುದರಿಂದ ಓದುಗರೇ, ಆವಲಪ್ಪನಿಗಾಗಿ ಮರುಗಿ ಪುಟ ಮಗುಚಬೇಡಿ. ನಿಮ್ಮ ಪುರಸಭೆಯೋ ಪಂಚಾಯಿತಿಯೋ ಬಜೆಟ್ಟಿಗೆ ಮೊದಲು ಜನರ ಸಭೆ ಕರೆಯುತ್ತದೆ. ಅಲ್ಲಿನ ಕುರ್ಚಿಗಳು ಪ್ರತಿವರ್ಷವೂ ಖಾಲಿಯಾಗಿರುತ್ತವೆ. ಈ ವರ್ಷ ಹೋಗಿ. ಮಕ್ಕಳ ಪಕ್ಕದಲ್ಲಿರುವ ಕಸವನ್ನು ತೆಗೆಯಲು ಅನುದಾನಕ್ಕಾಗಿಯೇ ಕಾಯಬೇಕೇಕೆ, ಊರಿನ ಸ್ವಂತ ತೆರಿಗೆಯಲ್ಲಿ ಅದಕ್ಕೆ ಮೊದಲ ಪಾಲು ಇಡಬಾರದೇಕೆ ಎಂದು ಎದ್ದು ನಿಂತು ಕೇಳಿ. ಬರೆದುಕೊಳ್ಳುತ್ತೇವೆ ಎಂದರೆ ಕುಳಿತುಕೊಳ್ಳಬೇಡಿ. ಯಾವ ತಿಂಗಳು ತೆಗೆಯುತ್ತೀರೆಂದು ಕೇಳಿ, ಉತ್ತರ ಸಿಗುವವರೆಗೂ ನಿಂತೇ ಇರಿ.